ಚೌಕಟ್ಟಿನ ಹೊರಗೆ ಉಳಿದ ಚಿತ್ರ: ‘ಡ್ರ್ಯಾಗನ್ ಬಾಲ್ ಝೀ’ ಡಿಸ್ಕುಗಳ ಹಿನ್ನೆಲೆ

ಜಪಾನಿನ ಫ್ಯೂಜಿ ಟಿವಿಯಲ್ಲಿ 1989ರ ಏಪ್ರಿಲ್ 26ರ ಬುಧವಾರ ಆರಂಭವಾದ ‘ಡ್ರ್ಯಾಗನ್ ಬಾಲ್ ಝೀ’ 1996ರ ಜನವರಿ 31ರಂದು, ಅದೂ ಬುಧವಾರವೇ, ತನ್ನ 291ನೇ ಕಂತಿನೊಂದಿಗೆ ಮುಗಿಯಿತು. ಅಕಿರಾ ತೊರಿಯಾಮಾ ಅವರ ಮಂಗಾವನ್ನು, ಅಂದರೆ ಜಪಾನೀ ಕಾಮಿಕ್ಸನ್ನು, ಆಧರಿಸಿ ತೋಯೇ ಆನಿಮೇಷನ್ ಸಂಸ್ಥೆ ನಿರ್ಮಿಸಿದ ಈ ಸರಣಿ ಜಗತ್ತಿನ ಹತ್ತಾರು ದೇಶಗಳ ಮಕ್ಕಳನ್ನು ಟಿವಿಯ ಮುಂದೆ ಕೂರಿಸಿತು. ಆದರೆ ಈ ಕಂತುಗಳನ್ನು ಅಂಗಡಿಯಲ್ಲಿ ಕೊಂಡು ಮನೆಯಲ್ಲಿ ಇಟ್ಟುಕೊಳ್ಳುವ ಅವಕಾಶ ಸ್ವತಃ ಜಪಾನಿನ ಪ್ರೇಕ್ಷಕರಿಗೆ ದೊರೆತದ್ದು 2003ರಲ್ಲಿ, ಸರಣಿ ಮುಗಿದು ಏಳು ವರ್ಷಗಳಾದ ಮೇಲೆ. ಅಲ್ಲಿಂದ ಇಲ್ಲಿಯವರೆಗೆ ಒಂದೇ ಸರಣಿ ಹಲವು ಪೆಟ್ಟಿಗೆಗಳಲ್ಲಿ, ಹಲವು ಬಣ್ಣಗಳಲ್ಲಿ, ಹಲವು ಅಳತೆಗಳಲ್ಲಿ ಬಂದಿದೆ. ಆದರೂ ಕ್ಯಾಮೆರಾ ಸೆರೆಹಿಡಿದ ಚಿತ್ರವನ್ನು ಹೈ-ಡೆಫಿನಿಷನ್‌ನಲ್ಲಿ, ಬಣ್ಣ ಕೆಡಿಸದೆ, ಅಂಚು ಕತ್ತರಿಸದೆ, ಆರಂಭದಿಂದ ಕೊನೆಯವರೆಗೆ ಕೊಟ್ಟ ಒಂದು ಆವೃತ್ತಿಯನ್ನೂ ನಾನು ಕಂಡಿಲ್ಲ. ಸಂಗ್ರಾಹಕರ ಕಪಾಟಿನಲ್ಲಿ ಒಂದೇ ಸರಣಿಯ ಮೂರು ನಾಲ್ಕು ಪ್ರತಿಗಳು ಏಕೆ ಇರುತ್ತವೆ ಎಂಬ ಪ್ರಶ್ನೆಗೆ ಉತ್ತರ ಇದರಲ್ಲಿದೆ.

ಮೊದಲು ಮೂಲ ವಸ್ತುವಿನ ಬಗ್ಗೆ ಹೇಳಬೇಕು. ಕಂಪ್ಯೂಟರ್ ಬಳಕೆಗೆ ಬರುವ ಮೊದಲಿನ ಜಪಾನೀ ಆನಿಮೇಷನ್‌ನಲ್ಲಿ ಪಾರದರ್ಶಕ ಹಾಳೆಗಳ ಮೇಲೆ ಗೆರೆ ಮೂಡಿಸಿ, ಹಿಂಬದಿಯಿಂದ ಬಣ್ಣ ತುಂಬಿ, ಅವನ್ನು ಚಿತ್ರಿಸಿದ ಹಿನ್ನೆಲೆಯ ಮೇಲೆ ಹರಡಿ, ಒಂದೊಂದೇ ಚೌಕಟ್ಟಾಗಿ ಫಿಲ್ಮ್‌ಗೆ ಇಳಿಸುತ್ತಿದ್ದರು. ಈ ಸರಣಿಯನ್ನು ಇಳಿಸಿದ್ದು 16 ಮಿ.ಮೀ. ಫಿಲ್ಮ್‌ಗೆ. ಚಿತ್ರಮಂದಿರಗಳಿಗೆಂದು ಮಾಡಿದ ಚಲನಚಿತ್ರಗಳಿಗೆ ಮಾತ್ರ 35 ಮಿ.ಮೀ. ಫಿಲ್ಮ್ ಬಳಸಲಾಗಿತ್ತು. 16 ಮಿ.ಮೀ. ಚೌಕಟ್ಟು ಬಹಳ ಚಿಕ್ಕದು, ಆದ್ದರಿಂದ ದೊಡ್ಡ ತೆರೆಯ ಮೇಲೆ ಹಿಗ್ಗಿಸಿದಾಗ ಫಿಲ್ಮ್‌ನ ಕಣಗಳು, ಅಂದರೆ ಅದರ ಲೇಪದ ಸಣ್ಣ ಚುಕ್ಕೆಗಳು, ಎದ್ದು ಕಾಣುತ್ತವೆ. ಚಿತ್ರದ ಆಕಾರ ಅಂದಿನ ಟಿವಿಗೆ ಹೊಂದುವ 4:3, ಅಂದರೆ ಅಗಲಕ್ಕೂ ಎತ್ತರಕ್ಕೂ ಹೆಚ್ಚು ವ್ಯತ್ಯಾಸವಿಲ್ಲದ ಚೌಕಟ್ಟು. ಈ ಕಣ ಮತ್ತು ಈ ಆಕಾರ, ಇವೆರಡರ ಸುತ್ತಲೇ ಮುಂದಿನ ಎಲ್ಲ ಜಗಳಗಳೂ ನಡೆದವು.

ಜಪಾನಿಗಿಂತ ಮೊದಲೇ ಅಮೆರಿಕದಲ್ಲಿ ಮಾರಾಟ ಆರಂಭವಾದದ್ದು ಈ ಕಥೆಯ ವಿಚಿತ್ರ ತಿರುವು. ಟೆಕ್ಸಸ್‌ನ ಫ್ಯುನಿಮೇಷನ್ ಸಂಸ್ಥೆ ಸರಣಿಯ ಹಕ್ಕು ಪಡೆದು, 1996ರಲ್ಲಿ ಸಬಾನ್ ಸಂಸ್ಥೆಯ ಜೊತೆ ಸೇರಿ, ಕೆನಡಾದ ವ್ಯಾಂಕೂವರ್‌ನಲ್ಲಿ ಇಂಗ್ಲಿಷ್ ಡಬ್ಬಿಂಗ್ ಮಾಡಿಸಿ ಪ್ರಸಾರಕ್ಕೆ ತಂದಿತು. ಅಲ್ಲಿನ ಮಕ್ಕಳ ಕಾರ್ಯಕ್ರಮಗಳ ಕಟ್ಟುಪಾಡಿಗೆ ಹೊಂದಿಸಲು ಮೊದಲ 67 ಕಂತುಗಳನ್ನು ಕತ್ತರಿಸಿ 53ಕ್ಕೆ ಇಳಿಸಲಾಯಿತು. ಸತ್ತವರನ್ನು ‘ಬೇರೆ ಲೋಕಕ್ಕೆ ಹೋದರು’ ಎಂದು ತೋರಿಸಲಾಯಿತು. ನರಕದ ಕಾವಲುಗಾರರ ಅಂಗಿಯ ಮೇಲೆ ಇಂಗ್ಲಿಷಿನಲ್ಲಿದ್ದ ‘ನರಕ’ ಎಂಬ ಪದದ ಅಕ್ಷರಗಳನ್ನೂ ತಿದ್ದಿ ‘ಎಚ್ಎಫ್ಐಎಲ್’ ಎಂದು ಮಾಡಲಾಯಿತು. ಶುನ್‌ಸುಕೆ ಕಿಕುಚಿ ಅವರ ಮೂಲ ಹಿನ್ನೆಲೆ ಸಂಗೀತವೂ ಹೋಗಿ ಅದರ ಜಾಗಕ್ಕೆ ಬೇರೆ ಸಂಗೀತ ಬಂತು. ಈ ಕತ್ತರಿಸಿದ ಕಂತುಗಳು ಪಯೋನಿಯರ್ ಸಂಸ್ಥೆಯ ಮೂಲಕ ವಿಎಚ್ಎಸ್ ಕ್ಯಾಸೆಟ್‌ಗಳಾಗಿಯೂ ನಂತರ ಡಿವಿಡಿಗಳಾಗಿಯೂ ಅಂಗಡಿ ಸೇರಿದವು.

1998ರ ಆಗಸ್ಟ್‌ನಲ್ಲಿ ಕಾರ್ಟೂನ್ ನೆಟ್‌ವರ್ಕ್‌ನ ‘ಟೂನಾಮಿ’ ವಿಭಾಗಕ್ಕೆ ಬಂದ ಮೇಲೆ ಸರಣಿಯ ಜನಪ್ರಿಯತೆ ಏರಿತು. ಮರುವರ್ಷ ಫ್ಯುನಿಮೇಷನ್ ತನ್ನದೇ ಕಲಾವಿದರಿಂದ ಮುಂದಿನ ಕಂತುಗಳನ್ನು ಡಬ್ ಮಾಡಿಸಿತು, ಬ್ರೂಸ್ ಫಾಲ್ಕನರ್ ಅವರಿಂದ ಹೊಸ ಸಂಗೀತವನ್ನೂ ಮಾಡಿಸಿತು. ಆ ಕಾಲದ ಕ್ಯಾಸೆಟ್‌ಗಳು ಟಿವಿಗೆಂದು ತಿದ್ದಿದ ರೂಪದಲ್ಲಿ ಒಂದು, ಕತ್ತರಿಸದ ರೂಪದಲ್ಲಿ ಇನ್ನೊಂದು ಎಂದು ಎರಡು ಬಗೆಯಾಗಿ ಮಾರಾಟವಾಗುತ್ತಿದ್ದವು. ಡಿವಿಡಿಯಲ್ಲಿ ಒಂದೇ ಡಿಸ್ಕ್‌ನೊಳಗೆ ಇಂಗ್ಲಿಷ್ ಧ್ವನಿಯೂ ಜಪಾನೀ ಧ್ವನಿಯೂ ಸಬ್‌ಟೈಟಲ್ಲೂ ಸೇರುವಂತಾದದ್ದು ಗಂಭೀರ ಪ್ರೇಕ್ಷಕರಿಗೆ ದೊರೆತ ದೊಡ್ಡ ವರ. ಆದರೆ ಒಂದು ಡಿಸ್ಕ್‌ನಲ್ಲಿ ಇರುತ್ತಿದ್ದುದು ಮೂರು ಕಂತುಗಳಷ್ಟೇ. ಹಾಗಾಗಿ ಇಡೀ ಸರಣಿ ಬೇಕೆಂದವರು ನೂರರ ಸಮೀಪ ಡಿಸ್ಕುಗಳನ್ನು ಕೊಳ್ಳಬೇಕಿತ್ತು. ಅಷ್ಟು ಕೊಂಡರೂ ಸಂಗ್ರಹ ಪೂರ್ಣವಾಗುತ್ತಿರಲಿಲ್ಲ, ಏಕೆಂದರೆ ಆರಂಭದ ಭಾಗದ ಮಾರಾಟದ ಹಕ್ಕು 2004ರವರೆಗೆ ಪಯೋನಿಯರ್ ಬಳಿ ಇತ್ತು ಮತ್ತು ಅದು ಕತ್ತರಿಸಿದ ರೂಪದಲ್ಲಿ ಮಾತ್ರ ಸಿಗುತ್ತಿತ್ತು. ನಡುವಿನಿಂದ ಕೊನೆಯವರೆಗೆ ಅಖಂಡವಾಗಿದ್ದು ಆರಂಭ ಮಾತ್ರ ಊನವಾಗಿರುವ ಸಂಗ್ರಹವನ್ನು ಒಂದು ಪೀಳಿಗೆ ವರ್ಷಗಟ್ಟಲೆ ಇಟ್ಟುಕೊಂಡಿತ್ತು. ಹಕ್ಕು ಮರಳಿದ ಮೇಲೆ 2005ರಲ್ಲಿ ಮೊದಲ ಕಂತುಗಳನ್ನು ಮತ್ತೆ ಡಬ್ ಮಾಡಿ ಅಖಂಡ ಡಿಸ್ಕುಗಳನ್ನು ತರಲು ಆರಂಭಿಸಲಾಯಿತಾದರೂ ಆ ಮಾಲಿಕೆಯನ್ನೂ ಅರ್ಧಕ್ಕೇ ಕೈಬಿಡಲಾಯಿತು.

ಇತ್ತ ಜಪಾನಿನಲ್ಲಿ 2003ರ ಮಾರ್ಚ್‌ನಲ್ಲಿ ‘ಡ್ರ್ಯಾಗನ್ ಬಾಕ್ಸ್’ ಎಂಬ ಪೆಟ್ಟಿಗೆ ಹೊರಬಂತು, ಅದರ ಎರಡನೇ ಭಾಗ ಅದೇ ಸೆಪ್ಟೆಂಬರ್‌ನಲ್ಲಿ ಬಂತು. ಒಂದೊಂದು ಪೆಟ್ಟಿಗೆಯ ಬೆಲೆ ಒಂದು ಲಕ್ಷ ಯೆನ್. ಬೆಲೆ ಭಾರಿಯಾಗಿದ್ದರೂ ಒಳಗಿದ್ದ ಕೆಲಸ ಆ ಬೆಲೆಗೆ ತಕ್ಕದ್ದಾಗಿತ್ತು ಎಂಬುದು ನನ್ನ ಅಭಿಪ್ರಾಯ. ತೋಯೇ ತನ್ನ ಬಳಿಯಿದ್ದ ಫಿಲ್ಮ್‌ನಿಂದಲೇ ಚಿತ್ರವನ್ನು ಹೊಸದಾಗಿ ಇಳಿಸಿ, ಕೊಳೆ ಮತ್ತು ಗೀರುಗಳನ್ನು ಹದವಾಗಿ ತೆಗೆದು, 4:3 ಆಕಾರವನ್ನು ಹಾಗೆಯೇ ಉಳಿಸಿ, ಮುಂದಿನ ಕಂತಿನ ಮುನ್ನೋಟಗಳನ್ನೂ ಸೇರಿಸಿತ್ತು. ಬಣ್ಣಗಳು ಟಿವಿಯಲ್ಲಿ ಕಂಡಷ್ಟೇ ಮೃದು, ಗೆರೆಗಳು ಕೈಯಲ್ಲಿ ಎಳೆದಷ್ಟೇ ಜೀವಂತ. ಇಂದಿಗೂ ಬೇರೆ ಯಾವುದೇ ಆವೃತ್ತಿಯ ಗುಣವನ್ನು ಅಳೆಯುವಾಗ ಸಂಗ್ರಾಹಕರು ಪಕ್ಕದಲ್ಲಿಟ್ಟು ನೋಡುವುದು ಈ ಡ್ರ್ಯಾಗನ್ ಬಾಕ್ಸ್ ಅನ್ನೇ.

ಕೆಲವು ವರ್ಷಗಳ ಬಳಿಕ ಅಮೆರಿಕದಲ್ಲಿ ಬೇರೆಯದೇ ದಾರಿ ಹಿಡಿಯಲಾಯಿತು. 2007ರ ಫೆಬ್ರುವರಿಯಲ್ಲಿ ಫ್ಯುನಿಮೇಷನ್ ಒಂಬತ್ತು ಸೀಸನ್‌ಗಳ ಪೆಟ್ಟಿಗೆಗಳನ್ನು ಹೊರತರಲು ಆರಂಭಿಸಿ 2009ರ ಮೇ ವೇಳೆಗೆ ಮುಗಿಸಿತು. ಬಣ್ಣ ಮತ್ತು ಗಾತ್ರದ ಕಾರಣಕ್ಕೆ ಇವಕ್ಕೆ ‘ಕಿತ್ತಳೆ ಇಟ್ಟಿಗೆ’ ಎಂಬ ಹೆಸರು ಅಂಟಿಕೊಂಡಿತು. ಮೊದಲ ಪೆಟ್ಟಿಗೆಯಲ್ಲೇ 39 ಕಂತುಗಳಿದ್ದವು. ಮೂರು ಕಂತಿನ ಡಿಸ್ಕುಗಳಿಗೆ ಹಣ ಸುರಿದು ದಣಿದಿದ್ದವರಿಗೆ ಇದು ದೊಡ್ಡ ಬಿಡುಗಡೆಯಂತೆಯೇ ಇತ್ತು ಮತ್ತು ಪೆಟ್ಟಿಗೆಗಳು ಚೆನ್ನಾಗಿ ಮಾರಾಟವಾದವು. ಆದರೆ ಆಗ ಮನೆಮನೆಗೂ ಬರುತ್ತಿದ್ದ ಅಗಲ ಟಿವಿಯ ತೆರೆ ತುಂಬಲೆಂದು ಚಿತ್ರವನ್ನು 16:9 ಆಕಾರಕ್ಕೆ ಕತ್ತರಿಸಲಾಗಿತ್ತು. ಲೆಕ್ಕ ಸರಳವಾಗಿದೆ: 4:3 ಚಿತ್ರದ ಅಗಲವನ್ನು ಹಾಗೆಯೇ ಇಟ್ಟು 16:9 ಮಾಡಬೇಕಾದರೆ ಎತ್ತರದ ನಾಲ್ಕನೇ ಒಂದು ಭಾಗ ಹೋಗಬೇಕು. ಫಿಲ್ಮ್‌ನ ಎಡಬಲ ಅಂಚುಗಳಲ್ಲಿ ಅಡಗಿದ್ದ ಸ್ವಲ್ಪ ಚಿತ್ರವನ್ನು ಹೊರತೆಗೆದು ತೋರಿಸಿದ್ದು ನಿಜ, ಆದರೆ ಮೇಲೆ ಕೆಳಗೆ ಆದ ನಷ್ಟಕ್ಕೆ ಅದು ಸಮನಾಗಲಿಲ್ಲ.

ಈ ಸರಣಿಯಲ್ಲಿ ಎತ್ತರದ ನಷ್ಟ ವಿಶೇಷವಾಗಿ ನೋಯಿಸುತ್ತದೆ. ತೊರಿಯಾಮಾ ಅವರ ಪಾತ್ರಗಳ ಶಕ್ತಿ ಏರಿದಂತೆಲ್ಲ ತಲೆಗೂದಲು ನೆಟ್ಟಗೆ ನಿಲ್ಲುತ್ತದೆ. ಪಾತ್ರಗಳು ಆಕಾಶಕ್ಕೆ ಜಿಗಿಯುತ್ತವೆ, ನೆಲ ಬಿರಿಯುತ್ತದೆ, ಬೆಳಕಿನ ಕಂಬ ಮೇಲಕ್ಕೆ ಚಿಮ್ಮುತ್ತದೆ. ಹೀಗೆ ಮೇಲಿನಿಂದ ಕೆಳಕ್ಕೆ ಯೋಚಿಸಿ ಕಟ್ಟಿದ ಚೌಕಟ್ಟಿನ ನೆತ್ತಿಯನ್ನೂ ಪಾದವನ್ನೂ ಕತ್ತರಿಸಿದರೆ ಹತ್ತಿರದ ದೃಶ್ಯಗಳಲ್ಲಿ ಕಥಾನಾಯಕ ಗೋಕುವಿನ ಜುಟ್ಟು ಮಾಯವಾಗುತ್ತದೆ. ಚಲನಚಿತ್ರಗಳ ವಿಷಯ ಬೇರೆ, ಏಕೆಂದರೆ ಚಿತ್ರಮಂದಿರದ ಅಗಲ ತೆರೆ ಅವನ್ನು ರೂಪಿಸಿದವರ ಲೆಕ್ಕದಲ್ಲೇ ಇತ್ತು. ಟಿವಿ ಕಂತುಗಳನ್ನು ರಚಿಸಿದವರ ಮನಸ್ಸಿನಲ್ಲಿ ಅಂಥ ತೆರೆ ಇರಲೇ ಇಲ್ಲ.

ಕಿತ್ತಳೆ ಪೆಟ್ಟಿಗೆಗಳ ಮೇಲಿನ ಇನ್ನೊಂದು ತಗಾದೆ ಕಣಗಳ ಬಗ್ಗೆ. ಫಿಲ್ಮ್‌ನ ಕಣವನ್ನು ಕೊಳೆಯೆಂದು ಭಾವಿಸಿ ಒರೆಸುವ ತಂತ್ರಾಂಶಕ್ಕೆ ಕಣಕ್ಕೂ ಸೂಕ್ಷ್ಮ ಗೆರೆಗೂ ಇರುವ ಭೇದ ಯಾವಾಗಲೂ ತಿಳಿಯುವುದಿಲ್ಲ. ಅದನ್ನು ಜೋರಾಗಿ ಹಾಯಿಸಿದರೆ ಕಣದ ಜೊತೆಗೆ ಹುಬ್ಬಿನ ಅಂಚು, ಬಟ್ಟೆಯ ಮಡಿಕೆ, ಹಿನ್ನೆಲೆಯ ಕುಂಚದ ಗುರುತು ಕೂಡ ಕರಗಿಹೋಗುತ್ತವೆ. ಅದರ ಮೇಲೆ ಬಣ್ಣವನ್ನು ಗಾಢಗೊಳಿಸಿದರೆ ಹಾಳೆಯ ಮೇಲೆ ಬಳಿದ ಬಣ್ಣದ ಹದ ಕೆಡುತ್ತದೆ.

ಈ ಅಸಮಾಧಾನದ ನಡುವೆ 2009ರ ನವೆಂಬರ್‌ನಲ್ಲಿ ಜಪಾನಿನ ಡ್ರ್ಯಾಗನ್ ಬಾಕ್ಸ್ ಚಿತ್ರವನ್ನೇ ಬಳಸಿ ಅಮೆರಿಕದಲ್ಲಿ ಏಳು ಸಂಪುಟಗಳ ಡಿವಿಡಿ ಮಾಲಿಕೆ ಆರಂಭವಾಯಿತು, 2011ರ ಅಕ್ಟೋಬರ್‌ನಲ್ಲಿ ಪೂರ್ಣವಾಯಿತು. ಸಂಪುಟವೊಂದಕ್ಕೆ ಆರು ಡಿಸ್ಕು, ಸುಮಾರು 42 ಕಂತು, ಜೊತೆಗೊಂದು ಗಟ್ಟಿ ರಟ್ಟಿನ ಪುಸ್ತಕ. ಸೀಮಿತ ಸಂಖ್ಯೆಯಲ್ಲಿ ಅಚ್ಚಾದ ಈ ಸಂಪುಟಗಳು ಕ್ರಮೇಣ ಅಂಗಡಿಗಳಿಂದ ಮರೆಯಾಗಿ, ಕೈಬದಲು ಮಾರುಕಟ್ಟೆಯಲ್ಲಿ ನೂರಾರು ಡಾಲರ್‌ಗಳಿಗೆ ಏರಿದವು. ಆದರೂ ಇವುಗಳನ್ನು ಕೊಂಡವರು ಕಿತ್ತಳೆ ಪೆಟ್ಟಿಗೆಗಳನ್ನು ಮಾರಿಬಿಡುವಂತಿರಲಿಲ್ಲ. ಕಿತ್ತಳೆ ಪೆಟ್ಟಿಗೆಯಲ್ಲಿ ಫಾಲ್ಕನರ್ ಸಂಗೀತದ ಇಂಗ್ಲಿಷ್ ಧ್ವನಿಯೂ ಇತ್ತು, ಡ್ರ್ಯಾಗನ್ ಬಾಕ್ಸ್‌ನಲ್ಲಿ ಇಂಗ್ಲಿಷ್ ಧ್ವನಿಗೂ ಕಿಕುಚಿ ಅವರ ಸಂಗೀತವೇ ಇತ್ತು. ಅಮೆರಿಕದ ಸಂಗೀತ ಕೇಳುತ್ತಲೇ ಬೆಳೆದವರಿಗೆ ಆ ನೆನಪು ಬೇಕಾದರೆ ಕತ್ತರಿಸಿದ ಚಿತ್ರವನ್ನು ಸಹಿಸಲೇಬೇಕು. ಇದನ್ನು ಬರಿಯ ಹಳೆಯ ಹಂಬಲವೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಬಾಲ್ಯದಲ್ಲಿ ಕಿವಿಗೆ ಬಿದ್ದ ರಾಗವೂ ಆ ಪ್ರೇಕ್ಷಕರ ಪಾಲಿಗೆ ಕೃತಿಯ ಭಾಗವೇ.

ಧ್ವನಿಯ ವಿಷಯದಲ್ಲಿ ಇನ್ನೂ ಆಳದ ಕೊರತೆಯೊಂದಿದೆ. ಡ್ರ್ಯಾಗನ್ ಬಾಕ್ಸ್‌ನ ಜಪಾನೀ ಧ್ವನಿಯನ್ನು ಫಿಲ್ಮ್‌ನ ಅಂಚಿನಲ್ಲಿರುವ ಧ್ವನಿಪಟ್ಟಿಯಿಂದ ತೆಗೆದದ್ದರಿಂದ ಅದು ಸ್ವಲ್ಪ ಮುಚ್ಚಿದಂತೆ, ಬಟ್ಟೆಯ ಹಿಂದಿನಿಂದ ಬಂದಂತೆ ಕೇಳುತ್ತದೆ. ಮೂಲ ಪ್ರಸಾರದ ವೇಳೆ ಜಪಾನಿನ ವೀಕ್ಷಕರು ಮನೆಯ ವಿಸಿಆರ್‌ನಲ್ಲಿ ಮುದ್ರಿಸಿಕೊಂಡ ಟೇಪುಗಳಲ್ಲಿ ಅದೇ ಧ್ವನಿ ಹೆಚ್ಚು ಸ್ಪಷ್ಟವಾಗಿದೆ. ಅಂಥ ಟೇಪುಗಳನ್ನು ಹುಡುಕಿ, ಡಿಜಿಟಲ್ ರೂಪಕ್ಕೆ ತಂದು, ಕಂತು ಕಂತಾಗಿ ಚಿತ್ರಕ್ಕೆ ಹೊಂದಿಸಿದವರು ಅಭಿಮಾನಿಗಳು. ಸಂಸ್ಥೆಯ ಉಗ್ರಾಣಕ್ಕಿಂತ ಯಾವುದೋ ಮನೆಯ ಕಪಾಟಿನ ಟೇಪಿನಲ್ಲಿ ಉತ್ತಮ ಧ್ವನಿ ಉಳಿದುಕೊಂಡಿತ್ತು ಎಂಬುದು ಸಂಗ್ರಾಹಕರ ಶ್ರಮಕ್ಕಿರುವ ಬೆಲೆಯನ್ನು ತೋರಿಸುತ್ತದೆ.

ಬ್ಲೂ-ರೇ ಕಾಲದ ಕಥೆ ಹೆಚ್ಚು ನಿರಾಸೆಯದು. 2011ರ ನವೆಂಬರ್‌ನಲ್ಲಿ ಫ್ಯುನಿಮೇಷನ್ ‘ಲೆವೆಲ್’ ಎಂಬ ಹೆಸರಿನಲ್ಲಿ, ಫಿಲ್ಮ್‌ನಿಂದ ಚೌಕಟ್ಟು ಚೌಕಟ್ಟಾಗಿ ಶುದ್ಧಗೊಳಿಸಿದ, 4:3 ಆಕಾರದ, ಕಣ ಉಳಿಸಿಕೊಂಡ ಹೈ-ಡೆಫಿನಿಷನ್ ಆವೃತ್ತಿಯನ್ನು ಆರಂಭಿಸಿತು. ಬೇಡಿದ್ದೆಲ್ಲವೂ ಅದರಲ್ಲಿತ್ತು. ಆದರೆ ತಲಾ 17 ಕಂತಿನ ಎರಡು ಪೆಟ್ಟಿಗೆಗಳು ಬರುವಷ್ಟರಲ್ಲಿ ಆ ಕೆಲಸ ಕೈಗೆಟುಕದಷ್ಟು ಕಷ್ಟವೆಂದು ನಿಲ್ಲಿಸಲಾಯಿತು. 2013ರ ಡಿಸೆಂಬರ್ ಕೊನೆಯಿಂದ ಬಂದ ಸೀಸನ್ ಬ್ಲೂ-ರೇಗಳು ಮತ್ತೆ 16:9ಕ್ಕೆ ಕತ್ತರಿಸಿದವು. 30ನೇ ವರ್ಷದ ನೆನಪಿಗೆಂದು 2019ರಲ್ಲಿ ಬಂದ ದುಬಾರಿ ಪೆಟ್ಟಿಗೆ 4:3ಕ್ಕೆ ಮರಳಿತಾದರೂ ಕಣ ಒರೆಸುವ ಕೈ ಅಲ್ಲಿಯೂ ಭಾರವಾಗಿಯೇ ಇತ್ತು. ಈ ನಡುವೆ ಬಂದ ‘ಕಾಯ್’ ಎಂಬ ರೂಪ ಕಥೆಯನ್ನು ಬಿಗಿಗೊಳಿಸಿ ಹೊಸದಾಗಿ ಧ್ವನಿ ಕೊಟ್ಟ ಮರುಸಂಕಲನವಾದ್ದರಿಂದ ಅದನ್ನು ಮೂಲದ ಬದಲಿಗೆ ಇಡಲಾಗದು.

ಇಷ್ಟೆಲ್ಲ ತೊಂದರೆ ಏಕೆ, ಆನ್‌ಲೈನ್‌ನಲ್ಲಿ ನೋಡಬಾರದೇ ಎಂದು ಕೇಳುವವರಿದ್ದಾರೆ. 2024ರ ಏಪ್ರಿಲ್‌ನಲ್ಲಿ ಫ್ಯುನಿಮೇಷನ್ ಆ್ಯಪ್ ಮುಚ್ಚಿ ಅದರ ಚಂದಾದಾರರನ್ನು ಕ್ರಂಚಿರೋಲ್ ಎಂಬ ಆನ್‌ಲೈನ್ ಸೇವೆಗೆ ವರ್ಗಾಯಿಸಿದಾಗ, ಡಿಸ್ಕಿನ ಪೆಟ್ಟಿಗೆಯೊಳಗಿನ ಸಂಕೇತ ಸಂಖ್ಯೆ ಬಳಸಿ ಜನರು ತಮ್ಮ ಖಾತೆಗೆ ಸೇರಿಸಿಕೊಂಡಿದ್ದ ಡಿಜಿಟಲ್ ಪ್ರತಿಗಳು ಜೊತೆಗೆ ಬರಲಿಲ್ಲ. ಅದೇ ಪೆಟ್ಟಿಗೆಯ ಡಿಸ್ಕುಗಳನ್ನು ಮಾತ್ರ ಯಾರೂ ಹಿಂಪಡೆಯಲಾಗಲಿಲ್ಲ.

ಭಾರತದಲ್ಲಿ ಕಾರ್ಟೂನ್ ನೆಟ್‌ವರ್ಕ್ ಮೂಲಕ ಈ ಸರಣಿಯನ್ನು ಕಂಡು ಈಗ ಸಂಗ್ರಹಕ್ಕೆ ಇಳಿದಿರುವವರು ಕೊಳ್ಳುವ ಮೊದಲು ವಲಯ ಸಂಖ್ಯೆ, ಅಂದರೆ ಡಿಸ್ಕ್ ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡುತ್ತದೆ ಎಂಬ ಗುರುತು, ನೋಡಬೇಕು. ಡಿವಿಡಿಯಲ್ಲಿ ಅಮೆರಿಕ 1ನೇ ವಲಯ, ಜಪಾನ್ 2ನೇ ವಲಯ, ಭಾರತ 5ನೇ ವಲಯ. ಬ್ಲೂ-ರೇಯಲ್ಲಿ ಅಮೆರಿಕ ಮತ್ತು ಜಪಾನ್ ‘ಎ’ ವಲಯಕ್ಕೂ ಭಾರತ ‘ಸಿ’ ವಲಯಕ್ಕೂ ಸೇರಿವೆ. ಹಾಗಾಗಿ ಎಲ್ಲ ವಲಯಗಳ ಡಿಸ್ಕ್ ಓದುವ ಪ್ಲೇಯರ್ ಇಲ್ಲದೆ ಈ ಪೆಟ್ಟಿಗೆಗಳನ್ನು ತರಿಸಿಕೊಳ್ಳುವುದು ವ್ಯರ್ಥ. ಮೊದಲ ಆಯ್ಕೆ ಯಾವುದಿರಲಿ ಎಂದು ಯಾರಾದರೂ ಕೇಳಿದರೆ ಅಮೆರಿಕದ ಡ್ರ್ಯಾಗನ್ ಬಾಕ್ಸ್ ಸಂಪುಟಗಳನ್ನೇ ಹೇಳುತ್ತೇನೆ. ಎರಡನೆಯದಾಗಿ, ಅಪೂರ್ಣವೆಂದು ತಿಳಿದೇ, ಆ ಎರಡು ಲೆವೆಲ್ ಪೆಟ್ಟಿಗೆಗಳನ್ನು ಹೇಳುತ್ತೇನೆ.

ಲೆವೆಲ್ ನಿಂತದ್ದು 34ನೇ ಕಂತಿಗೆ. ಭೂಮಿಗೆ ಬಂದಿಳಿದ ವೆಜೀಟಾನೊಂದಿಗೆ ಗೋಕು ಮತ್ತು ಗೆಳೆಯರು ನಡೆಸುವ ಕಾಳಗ ಅಲ್ಲಿಗೆ ಇನ್ನೂ ಮುಗಿದಿರುವುದಿಲ್ಲ. ಇಡೀ ಸರಣಿಯಲ್ಲೇ ಅತ್ಯಂತ ಸ್ವಚ್ಛವಾಗಿ ಕಾಣುವ ಆ ಚಿತ್ರವನ್ನು ನೋಡುತ್ತಾ ಬಂದವನು ಅಲ್ಲಿ ಬ್ಲೂ-ರೇ ಡಿಸ್ಕ್ ಹೊರತೆಗೆದು, ಡ್ರ್ಯಾಗನ್ ಬಾಕ್ಸ್‌ನ ಮೊದಲ ಸಂಪುಟ ಬಿಚ್ಚಿ, 35ನೇ ಕಂತನ್ನು ಡಿವಿಡಿಯಲ್ಲಿ ಮುಂದುವರಿಸಬೇಕು.