ಸೈಕಲ್ ಎತ್ತಿ ನೋಡುವ ಮುಂಚೆ

ಸೈಕಲ್ ಅಂಗಡಿಯಲ್ಲಿ ಅರ್ಧ ಗಂಟೆ ಸುಮ್ನೆ ಕೂತು ನೋಡಿ. ರೋಡ್ ಬೈಕ್, ಅಂದರೆ ಡಾಂಬರು ರಸ್ತೆಯಲ್ಲಿ ವೇಗವಾಗಿ ಹೋಗುವ ಸೈಕಲ್, ಕೊಳ್ಳಲು ಬಂದವರು ಮೊದಲು ಮಾಡುವ ಕೆಲಸ ಒಂದೇ. ಮೇಲಿನ ಪೈಪಿನ ಕೆಳಗೆ ಎರಡು ಬೆರಳು ಹಾಕಿ ಸೈಕಲ್ ಎತ್ತುತ್ತಾರೆ. ಹುಬ್ಬು ಏರುತ್ತದೆ. ಪಕ್ಕದಲ್ಲಿರುವವರಿಗೂ ಎತ್ತಲು ಕೊಡುತ್ತಾರೆ. ಸಂತೆಯಲ್ಲಿ ಕುಂಬಳಕಾಯಿ ಕೊಳ್ಳುವವರ ಹಾಗೆ.

ನಾನೂ ಎತ್ತಿದ್ದೇನೆ. ನಾಲ್ಕು ವರ್ಷ ತುಳಿದ, ನೇರ ಹ್ಯಾಂಡಲ್ಲಿನ ನನ್ನ ಹೈಬ್ರಿಡ್ ಸೈಕಲ್ 13 ಕಿಲೋ ಇತ್ತು. ಅದನ್ನು ಬಿಟ್ಟು 80 ಸಾವಿರದಿಂದ 1.2 ಲಕ್ಷದೊಳಗೆ ಒಂದು ರೋಡ್ ಬೈಕ್ ತಗೊಳ್ಳೋಣ ಅಂತ ಹೊರಟಾಗ ನನ್ನ ತಲೆಯಲ್ಲಿದ್ದದ್ದು ಬರೀ ಕಿಲೋ ಲೆಕ್ಕ. ಎಷ್ಟು ಹಗುರವೋ ಅಷ್ಟು ಒಳ್ಳೆಯದು, ಅಷ್ಟೇ.

ಆ ಲೆಕ್ಕ ಕೆಟ್ಟದ್ದು ನಂದಿ ಬೆಟ್ಟದಲ್ಲಿ. ಗೆಳೆಯನೊಬ್ಬ ತನ್ನ ಕಾರ್ಬನ್ ಫೈಬರಿನ ರೇಸ್ ಸೈಕಲ್ಲನ್ನು ಒಂದು ಭಾನುವಾರದ ಮಟ್ಟಿಗೆ ಕೊಟ್ಟ. ಏಳೂವರೆ ಕಿಲೋ. ಬೆಳಗಿನ ಜಾವ ಹೊರಟು, ಬಯಲು ದಾರಿಯಲ್ಲಿ ಹಾರಿಕೊಂಡು ಹೋಗಿ, ಬೆಟ್ಟದ ಅರ್ಧ ದಾಟಿದ ಮೇಲೆ ಒಂದು ತಿರುವಿನಲ್ಲಿ ಇಳಿದು ತಳ್ಳಿದೆ. ಕಾಲು ಸುತ್ತಲೇ ಇಲ್ಲ. ಅಷ್ಟರಲ್ಲಿ ನನಗಿಂತ ಹದಿನೈದು ವರ್ಷವಾದರೂ ದೊಡ್ಡವರೊಬ್ಬರು, ಹಳೇ ಅಲ್ಯೂಮಿನಿಯಂ ಸೈಕಲ್ ಮೇಲೆ, ಸೀಟಿನಿಂದ ಏಳದೆ, ಕಾಲನ್ನು ಗಿರಗಿರ ತಿರುಗಿಸುತ್ತಾ ಪಕ್ಕದಲ್ಲೇ ಹೋದರು. "ಬನ್ನಿ ಬನ್ನಿ, ಬಂದೇಬಿಡ್ತು" ಅಂದರು. ಇನ್ನೂ ಎರಡು ಕಿಲೋಮೀಟರ್ ಇತ್ತು.

ಮನೆಗೆ ಬಂದು ಪೆನ್ನು ಹಿಡಿದು ಕೂತೆ. ಶಾಲೆಯಲ್ಲಿ ಕಲಿತ ಲೆಕ್ಕವೇ ಸಾಕಿತ್ತು.

ನಂದಿಯ ಏರು ಸುಮಾರು 8 ಕಿ.ಮೀ. ಅದರಲ್ಲಿ ಮೇಲಕ್ಕೆ ಏರುವ ಎತ್ತರ ಹತ್ತಿರ ಹತ್ತಿರ 450 ಮೀಟರ್. ನಾನು, ಸೈಕಲ್, ನೀರಿನ ಬಾಟಲಿ ಎಲ್ಲ ಸೇರಿ 80 ಕಿಲೋ ಅಂತಿಟ್ಟುಕೊಳ್ಳಿ. ಇಷ್ಟನ್ನು ಅಷ್ಟು ಎತ್ತರಕ್ಕೆ ಒಯ್ಯಲು ಬೇಕಾದ ಶಕ್ತಿ ಸುಮಾರು 350 ಕಿಲೋಜೂಲ್. ನನ್ನಂಥ ಭಾನುವಾರದ ಸವಾರನ ಕಾಲು ಬಿಡದೆ ಕೊಡುವುದು 150 ವ್ಯಾಟ್, ಅಂದರೆ ಎರಡು ಸೀಲಿಂಗ್ ಫ್ಯಾನ್ ತಿರುಗುವಷ್ಟು. ಟೈರಿನ ಉಜ್ಜಾಟ, ಚೈನಿನ ಉಜ್ಜಾಟ ಎಲ್ಲ ಸೇರಿಸಿದರೆ ಬೆಟ್ಟ ಹತ್ತಲು ಮುಕ್ಕಾಲು ಗಂಟೆ ಬೇಕು. ಈಗ ಸೈಕಲ್ಲಿನಿಂದ 2 ಕಿಲೋ ಕಿತ್ತುಹಾಕಿ. ಎಷ್ಟು ಉಳಿಯಿತು? ಒಂದು ನಿಮಿಷ. ಮುಕ್ಕಾಲು ಗಂಟೆಯಲ್ಲಿ ಒಂದೇ ಒಂದು ನಿಮಿಷ. ಆ 2 ಕಿಲೋಗೆ ಅಂಗಡಿಯಲ್ಲಿ ಕೇಳುವ ದುಡ್ಡು ಮಾತ್ರ ಲಕ್ಷದ ಮೇಲೆ.

ಇದು ಬೆಟ್ಟದ ಮಾತು. ಸಿಗ್ನಲ್ಲಿನಲ್ಲಿ ನಿಂತು ಮತ್ತೆ ವೇಗ ಹಿಡಿಯುವಾಗ? 30 ಕಿ.ಮೀ. ವೇಗಕ್ಕೆ ಬರಲು ಆ ಹೆಚ್ಚಿನ 2 ಕಿಲೋ ಕೇಳುವುದು ಬರೀ 70 ಜೂಲ್. ಜೋರಾಗಿ ತುಳಿದರೆ ಅರ್ಧ ಸೆಕೆಂಡಿನ ಕೆಲಸವೂ ಅಲ್ಲ. ವೃತ್ತಿಪರ ರೇಸುಗಳಲ್ಲಂತೂ ಸೈಕಲ್ 6.8 ಕಿಲೋಗಿಂತ ಹಗುರ ಇರಲೇಕೂಡದು ಅಂತ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮ 2000ದಿಂದ ಇದೆ. ಅಷ್ಟು ಕೆಳಗೆ ಹೋಗುವ ಯೋಚನೆ ನಮ್ಮ ಬಜೆಟ್ಟಿಗೆ ಹೇಗೂ ಬರುವುದಿಲ್ಲ, ಬಿಡಿ.

ಹಾಗಾದರೆ ಬಯಲು ರಸ್ತೆಯಲ್ಲಿ ನಮ್ಮ ಶಕ್ತಿ ಹೋಗುವುದೆಲ್ಲಿಗೆ? ಗಾಳಿಗೆ. ಸೈಕಲ್ ತುಳಿಯುವವನು ದಿನವಿಡೀ ಮಾಡುವ ಕೆಲಸ ಅಂದರೆ ಮುಂದಿರುವ ಗಾಳಿಯನ್ನು ಪಕ್ಕಕ್ಕೆ ತಳ್ಳುವುದು. ವೇಗ ಒಂದೂವರೆ ಪಟ್ಟಾದರೆ ಗಾಳಿಗೆ ತೆರುವ ಶಕ್ತಿ ಒಂದೂವರೆ ಪಟ್ಟಾಗುವುದಿಲ್ಲ, ಮೂರು ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಗಂಟೆಗೆ 20 ಕಿ.ಮೀ.ನಲ್ಲಿ ಗಾಳಿ ಕೇಳುವುದು 30 ವ್ಯಾಟ್ ಚಿಲ್ಲರೆ. 30 ಕಿ.ಮೀ.ನಲ್ಲಿ 100 ದಾಟುತ್ತದೆ. ಇದು ಬೆಂಗಳೂರಿನ ಲೆಕ್ಕ. ಇಲ್ಲಿ ನಾವು 900 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿ ಕೊಂಚ ತೆಳು. ಮಂಗಳೂರಿನಲ್ಲಿ ಇದೇ ವೇಗಕ್ಕೆ ಇನ್ನೂ ಸ್ವಲ್ಪ ಜಾಸ್ತಿ ತುಳಿಯಬೇಕು.

ಈ ಗಾಳಿಗೆ ಅಡ್ಡ ಬರುವುದರಲ್ಲಿ ಸೈಕಲ್ಲಿನ ಪಾಲು ಚಿಕ್ಕದು. ಮುಕ್ಕಾಲು ಪಾಲು ನಮ್ಮ ಮೈಯದ್ದೇ. ಎದೆ, ಭುಜ, ಹೊಟ್ಟೆ. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರು ರೇಸಿನಲ್ಲಿ ಬೆನ್ನು ಬಾಗಿಸಿ, ಒಬ್ಬರ ಹಿಂದೊಬ್ಬರು ಅಂಟಿಕೊಂಡ ಹಾಗೆ ಹೋಗುವುದನ್ನು ನೋಡಿದರೆ ಇದು ತಾನಾಗಿ ಅರ್ಥವಾಗುತ್ತದೆ. 1933ರಲ್ಲಿ ಪ್ಯಾರಿಸ್ಸಿನಲ್ಲಿ ಇದಕ್ಕೊಂದು ತಮಾಷೆಯ ಸಾಕ್ಷಿ ಸಿಕ್ಕಿತು. ಫ್ರಾನ್ಸಿಸ್ ಫೋರ್ ಅನ್ನುವ ಎರಡನೇ ದರ್ಜೆಯ ಸವಾರ, ಹಿಂದಕ್ಕೆ ಒರಗಿ ತುಳಿಯುವ ಸೈಕಲ್ಲಿನಲ್ಲಿ ಒಂದು ಗಂಟೆಗೆ 45.055 ಕಿ.ಮೀ. ಹೋದ. 1914ರಿಂದ ಯಾರೂ ಮುಟ್ಟದ ದಾಖಲೆ ಮುರಿಯಿತು. ಕಾಲು ಅದೇ, ಮೈ ಗಾಳಿಗೆ ಅಡ್ಡ ನಿಲ್ಲಲಿಲ್ಲ, ಅಷ್ಟೇ. ಮರು ವರ್ಷವೇ ಒಕ್ಕೂಟ ಅಂಥ ಸೈಕಲ್ಲುಗಳನ್ನು ರೇಸಿನಿಂದ ಹೊರಗಿಟ್ಟಿತು.

ರೋಡ್ ಬೈಕಿನ ಬಾಗಿದ ಹ್ಯಾಂಡಲ್ ಇರುವುದೂ ಇದಕ್ಕೇ. ಮೇಲೆ ಕೈಯಿಟ್ಟು ಕೂರುವುದಕ್ಕೂ ಕೆಳಗಿನ ಬಾಗು ಹಿಡಿದು ಮೊಣಕೈ ಮಡಿಸುವುದಕ್ಕೂ 30 ಕಿ.ಮೀ. ವೇಗದಲ್ಲಿ 20-25 ವ್ಯಾಟ್ ವ್ಯತ್ಯಾಸ ಬರುತ್ತದೆ. ಆದರೆ ಹಾಗೆ ಬಾಗಿ ಕೂರಲು ಆಗಬೇಕಲ್ಲ! ತೀರಾ ರೇಸಿಗೆಂದೇ ಮಾಡಿದ ಫ್ರೇಮಿನಲ್ಲಿ ಹ್ಯಾಂಡಲ್ ಕೆಳಗೂ ದೂರವೂ ಇರುತ್ತದೆ. ಐಟಿ ಕುರ್ಚಿಯಲ್ಲಿ ಹತ್ತು ವರ್ಷ ಕೂತ ಬೆನ್ನು ಅದನ್ನು ಹತ್ತು ನಿಮಿಷ ತಡೆಯುತ್ತದೆ. ಆಮೇಲೆ ಎದ್ದು ನೆಟ್ಟಗೆ ಕೂರುತ್ತದೆ, ಗಾಳಿ ಎದೆಗೆ ಹೊಡೆಯುತ್ತದೆ. ಅದಕ್ಕೇ ಅಳತೆಪಟ್ಟಿಯಲ್ಲಿ ಸ್ಟ್ಯಾಕ್ ಮತ್ತು ರೀಚ್ ಅನ್ನುವ ಎರಡು ಅಂಕಿ ನೋಡಿ. ಪೆಡಲ್ ತಿರುಗುವ ಅಚ್ಚಿನಿಂದ ಹ್ಯಾಂಡಲ್ ಬುಡ ಎಷ್ಟು ಮೇಲಿದೆ, ಎಷ್ಟು ಮುಂದಿದೆ ಅಂತ ಅವು ಹೇಳುತ್ತವೆ. ಕೆಳಬಾಗು ಹಿಡಿದು ಅರ್ಧ ಗಂಟೆ ಮಾತಾಡುತ್ತಾ ತುಳಿಯಲು ಆದರೆ ಆ ಸೈಕಲ್ ನಿಮ್ಮದು. ಸೈಜ್ ಇಲ್ಲ ಅಂತ ಒಂದು ಸೈಜ್ ದೊಡ್ಡದನ್ನು ರಿಯಾಯಿತಿಯಲ್ಲಿ ಕೊಡಲು ಬಂದರೆ ಕೈ ಮುಗಿದು ಹೊರಗೆ ಬನ್ನಿ.

ಗಾಳಿ ಆದಮೇಲೆ ಟೈರು. ನನ್ನ ಪ್ರಕಾರ ಈ ಬೆಲೆಯ ಸೈಕಲ್ಲುಗಳಲ್ಲಿ ಕಂಪನಿಗಳು ದುಡ್ಡು ಉಳಿಸುವ ಜಾಗ ಇದೇ. ಫ್ರೇಮಿನ ಬಣ್ಣ ಎಲ್ಲರ ಕಣ್ಣಿಗೆ ಬೀಳುತ್ತದೆ, ಟೈರನ್ನು ಯಾರು ನೋಡುತ್ತಾರೆ?

ರಸ್ತೆ ಮುಟ್ಟಿದಲ್ಲಿ ಟೈರು ಚಪ್ಪಟೆಯಾಗುತ್ತದೆ. ಆ ಜಾಗ ಎಷ್ಟು ಗೊತ್ತಾ? 80 ಪಿಎಸ್‌ಐ ಗಾಳಿ ತುಂಬಿದ ಒಂದು ಟೈರಿನ ಮೇಲೆ 40 ಕಿಲೋ ಬಿದ್ದರೆ ಸುಮಾರು 7 ಚದರ ಸೆಂಟಿಮೀಟರ್. ಪತ್ರದ ಮೇಲೆ ಹೆಬ್ಬೆಟ್ಟು ಒತ್ತಿದ ಗುರುತಿಗಿಂತ ಕೊಂಚ ದೊಡ್ಡದು. ಚಕ್ರ ಉರುಳಿದಂತೆ ಪ್ರತಿ ಕ್ಷಣ ಟೈರಿನ ಹೊಸ ತುಂಡು ಹೀಗೆ ಚಪ್ಪಟೆಯಾಗಿ ಮತ್ತೆ ಉಬ್ಬುತ್ತದೆ. ಕೈಯಿಂದ ಬಿಟ್ಟ ಚೆಂಡು ಮೊದಲಿನ ಎತ್ತರಕ್ಕೆ ಪುಟಿಯುವುದಿಲ್ಲ ಅಲ್ವಾ? ಹಾಗೇ ರಬ್ಬರು ತಗೊಂಡ ಶಕ್ತಿಯನ್ನು ಪೂರ್ತಿ ವಾಪಸ್ ಕೊಡುವುದಿಲ್ಲ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ದಪ್ಪ, ಬಿರುಸಾದ ಅಗ್ಗದ ಟೈರಿಗೂ ತೆಳು, ಮೆತ್ತನೆ ಬಟ್ಟೆಯ ಒಳ್ಳೇ ಟೈರಿಗೂ 30 ಕಿ.ಮೀ. ವೇಗದಲ್ಲಿ ಒಟ್ಟು 20 ವ್ಯಾಟ್ ವ್ಯತ್ಯಾಸ ಬರಬಹುದು. ಕೆಲವು ಸಾವಿರ ರೂಪಾಯಿಗೆ ಇಷ್ಟು ಲಾಭ ಸೈಕಲ್ಲಿನ ಬೇರೆ ಯಾವ ಭಾಗದಿಂದಲೂ ಸಿಗಲ್ಲ.

ಅಗಲದ ವಿಷಯದಲ್ಲಿ ನನ್ನಂಥ ಹಳಬರಿಗೆ ಮೂಢನಂಬಿಕೆ ಜಾಸ್ತಿ. ಸಪೂರ ಟೈರು ವೇಗ ಅಂತ 23 ಎಂಎಂ ಟೈರಿಗೆ ಕಲ್ಲಿನ ಹಾಗೆ ಗಾಳಿ ತುಂಬುತ್ತಿದ್ದೆವು. ಈಗ ವೃತ್ತಿಪರರೇ 28, 30ಕ್ಕೆ ಬಂದಿದ್ದಾರೆ. ಒಂದೇ ಒತ್ತಡದಲ್ಲಿ ಅಗಲ ಟೈರು ಉದ್ದಕ್ಕೆ ಚಪ್ಪಟೆಯಾಗದೆ ಅಡ್ಡಕ್ಕೆ ಆಗುತ್ತದೆ. ಹಾಗಾಗಿ ಕಡಿಮೆ ಮಡಿಚಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಗಾಳಿ ಕಡಿಮೆ ಇಟ್ಟರೆ ಅದು ಸಣ್ಣ ಸಣ್ಣ ಉಬ್ಬುಗಳನ್ನು ನುಂಗುತ್ತದೆ. ಕಲ್ಲಾದ ಟೈರು ಇಡೀ ಮನುಷ್ಯನನ್ನೇ ಎತ್ತಿ ಎತ್ತಿ ಹಾಕುತ್ತದೆ. ಆ ಎತ್ತುವ ಶಕ್ತಿಯೂ ನಮ್ಮ ಕಾಲಿನದೇ. ನಮ್ಮ ಗುಂಡಿ, ಹಂಪುಗಳ ರಸ್ತೆಗೆ ಇದಕ್ಕಿಂತ ಒಳ್ಳೇ ಸುದ್ದಿ ಇಲ್ಲ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಇಷ್ಟು: ಈ ಫ್ರೇಮಿಗೆ 32 ಎಂಎಂ ಟೈರು ಹಿಡಿಸುತ್ತಾ?

ಈಗ ನಾನು ತಳ್ಳಿಕೊಂಡು ಹೋದ ತಿರುವಿಗೆ ಬರೋಣ. ಗೆಳೆಯನ ರೇಸ್ ಬೈಕಿನಲ್ಲಿ ಪೆಡಲ್ ಜೊತೆ ತಿರುಗುವ ಮುಂದಿನ ಚಿಕ್ಕ ಹಲ್ಲುಚಕ್ರಕ್ಕೆ, ಅಂದರೆ ಚೈನ್‌ರಿಂಗಿಗೆ 39 ಹಲ್ಲು, ಹಿಂದಿನ ಚಕ್ರದ ಹಲ್ಲುಗಾಲಿಗಳ ಗೊಂಚಲಿನಲ್ಲಿ, ಅಂದರೆ ಕ್ಯಾಸೆಟ್ಟಿನಲ್ಲಿ, ದೊಡ್ಡ ಗಾಲಿಗೆ 25. ಅಂದರೆ ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಚಕ್ರ ಒಂದೂವರೆ ಸುತ್ತಿಗಿಂತ ಜಾಸ್ತಿ. ನಿಮಿಷಕ್ಕೆ 70 ಸುತ್ತು ತುಳಿಯಬೇಕು ಅಂದರೆ ಗಂಟೆಗೆ 14 ಕಿ.ಮೀ. ವೇಗದಲ್ಲಿ ಹೋಗಲೇಬೇಕು. ನೂರು ಮೀಟರಿಗೆ ಒಂಬತ್ತು ಮೀಟರ್ ಏರುವ ಜಾಗದಲ್ಲಿ ಅದಕ್ಕೆ 290 ವ್ಯಾಟ್ ಬೇಕು. ನನ್ನ ಹತ್ತಿರ ಅಷ್ಟಿಲ್ಲ. ಸುತ್ತು ಇಳಿಯಿತು, ಮೊಣಕಾಲು ನೋಯಿತು, ಇಳಿದೆ. ಆ ಹಿರಿಯರ ಸೈಕಲ್ಲನ್ನು ಮೇಲೆ ಹೋಗಿ ನೋಡಿದೆ. ಮುಂದೆ 34, ಹಿಂದೆ 34. ಒಂದು ಸುತ್ತಿಗೆ ಒಂದೇ ಸುತ್ತು. ಅದೇ 70ರಲ್ಲಿ ತುಳಿದರೆ ವೇಗ 9 ಕಿ.ಮೀ. ಒಳಗೆ, ಬೇಕಾದದ್ದು 185 ವ್ಯಾಟ್. ಕಷ್ಟ, ಆದರೆ ಆಗುವಂಥದ್ದು. ಹತ್ತು ಕಿಲೋ ಸೈಕಲ್ಲಿಗೆ ಹೋಲಿಸಿದರೆ ನನ್ನ ಕೆಳಗಿದ್ದ ಹಗುರ ಕಾರ್ಬನ್ ಉಳಿಸಿಕೊಟ್ಟದ್ದು ಎಷ್ಟು? ಒಂಬತ್ತೋ ಹತ್ತೋ ವ್ಯಾಟ್. ಹಿಂದೆ ಒಂಬತ್ತು, ಮುಂದೆ ಐದು ಹಲ್ಲು ಮಾಡುವ ಕೆಲಸವನ್ನು ಎರಡೂವರೆ ಕಿಲೋ ಮಾಡಲಾರದು.

ಶಿಮಾನೋ ಕಂಪನಿಯ ಗೇರ್ ಸೆಟ್ಟುಗಳಾದ ಕ್ಲಾರಿಸ್, ಸೋರಾ, ಟಿಯಾಗ್ರಾ, 105 ಅನ್ನುವ ಹೆಸರುಗಳನ್ನು ಅಂಗಡಿಯವರು ಜಾತಕದ ಹಾಗೆ ಓದುತ್ತಾರೆ. ಮೇಲೆ ಹೋದಂತೆ ಹಿಂದಿನ ಗಾಲಿಗಳು ಎಂಟರಿಂದ ಹನ್ನೊಂದು, ಹನ್ನೆರಡಾಗುತ್ತವೆ. ಬದಲಾಯಿಸುವುದು ನಯವಾಗುತ್ತದೆ, ನಿಜ. ಆದರೆ ಬೆಟ್ಟ ಅದೇ, ಮೆಟ್ಟಿಲುಗಳು ಚಿಕ್ಕದಾದವು ಅಷ್ಟೇ. ಕೊನೇ ಗಾಲಿಗೆ ಎಷ್ಟು ಹಲ್ಲು ಅಂತ ಕೇಳಿ. 32 ಅಥವಾ 34 ಅಂದರೆ ಉಳಿದ ಮಾತು ಆಮೇಲೆ.

ಫ್ರೇಮಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಈ ಬೆಲೆಗೆ ಸಿಗುವುದು ಅಲ್ಯೂಮಿನಿಯಂ ಫ್ರೇಮು, ಮುಂದಿನ ಚಕ್ರ ಹಿಡಿಯುವ ಫೋರ್ಕು ಮಾತ್ರ ಕಾರ್ಬನ್. ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದು ಪಾಲು ಭಾರ, ಬಾಗದೆ ತಡೆಯುವ ಬಿಗಿತವೂ ಮೂರನೇ ಒಂದು ಪಾಲು. ಅದಕ್ಕೇ ಅದರ ಪೈಪುಗಳನ್ನು ದಪ್ಪ ಮಾಡುತ್ತಾರೆ. ಸೀಟಿನ ಕೆಳಗೆ ಅದು ಒರಟು ಅನ್ನಿಸಿದರೆ ಮೊದಲು ಟೈರಿನ ಗಾಳಿ ಸ್ವಲ್ಪ ಬಿಡಿ.

ಹತ್ತಿದ ಮೇಲೆ ಇಳಿಯಬೇಕಲ್ಲ. ಮುಕ್ಕಾಲು ಗಂಟೆ ಬೆವರು ಸುರಿಸಿ ಮೇಲೆ ಒಯ್ದ ಆ 350 ಕಿಲೋಜೂಲ್ ಎಲ್ಲೂ ಹೋಗಿಲ್ಲ. ಒಂದು ಲೀಟರ್ ನೀರನ್ನು ಕುದಿ ಬರಿಸುವಷ್ಟು ಶಕ್ತಿ ಅದು. ಇಳಿಯುವಾಗ ಅಷ್ಟೂ ಹದಿನೈದು ನಿಮಿಷದಲ್ಲಿ ವಾಪಸ್ ಬರುತ್ತದೆ. ಸ್ವಲ್ಪ ಗಾಳಿಗೆ ಹೋಗುತ್ತದೆ. 30 ಕಿ.ಮೀ. ಮೀರದೆ ಹುಷಾರಾಗಿ ಇಳಿದರೆ ಅರ್ಧಕ್ಕಿಂತ ಜಾಸ್ತಿ ಬ್ರೇಕಿನ ಪಾಲು. ಚಕ್ರದ ಅಂಚನ್ನೇ ಹಿಡಿಯುವ ರಿಮ್ ಬ್ರೇಕಾದರೆ ಆ ಬಿಸಿಯನ್ನು ರಿಮ್ಮು ತಗೊಳ್ಳುತ್ತದೆ. ಮಳೆಯಲ್ಲಿ ಮೊದಲು ನೀರು ಒರೆಸಬೇಕು, ಆಮೇಲೆ ಹಿಡಿತ. ಡಿಸ್ಕ್ ಬ್ರೇಕು ರಸ್ತೆಯ ನೀರು, ಕೆಸರಿನಿಂದ ದೂರ. ಈ ಬೆಲೆಯಲ್ಲಿ ಕೇಬಲ್ ಎಳೆಯುವ ಡಿಸ್ಕೂ ಸಿಗುತ್ತದೆ, ಎಣ್ಣೆಯ ಒತ್ತಡದ ಹೈಡ್ರಾಲಿಕ್ಕೂ ಸಿಗುತ್ತದೆ. ಹೈಡ್ರಾಲಿಕ್‌ನಲ್ಲಿ ಪ್ಯಾಡ್ ಸವೆದಂತೆ ತಾನೇ ಹತ್ತಿರ ಬರುತ್ತದೆ, ಎರಡು ಬೆರಳು ಸಾಕು. ಕೇಬಲ್‌ನಲ್ಲಿ ತಿಂಗಳಿಗೊಮ್ಮೆ ತಿರುಪು ಹಿಡಿಯುವ ಕೆಲಸ ನಮ್ಮದು. ನಾನು ಗೇರಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿದು ಹೈಡ್ರಾಲಿಕ್ ತಗೊಂಡೆ.

ಸೈಕಲ್ ಹತ್ತು ಕಿಲೋ ಇದೆ. ಮೊದಲ ಸಲ ಅದರಲ್ಲಿ ನಂದಿ ಇಳಿದು ಬುಡದ ಟೀ ಅಂಗಡಿ ಮುಂದೆ ನಿಲ್ಲಿಸಿದಾಗ ಒಂದು ಲೀಟರ್ ನೀರಿನ ಲೆಕ್ಕ ನೆನಪಾಯಿತು. ನಿಜವಾಗ್ಲೂ ಅಷ್ಟು ಬಿಸಿ ಇರುತ್ತಾ ಅಂತ ಡಿಸ್ಕನ್ನು ಬೆರಳಿನಿಂದ ಮುಟ್ಟಿ ನೋಡಿದೆ. ನೀವು ಮುಟ್ಟಬೇಡಿ.