ವಾರ್ಡನ್ ಸಂಬಳ ಯಾವ ಲೆಕ್ಕಕ್ಕೆ?

ಜನವರಿ ಕಳೆಯುತ್ತಿದ್ದಂತೆ ಕಂಪನಿಗಳ ಸಿಎಸ್‌ಆರ್ (ಲಾಭದ ಒಂದು ಪಾಲನ್ನು ಸಮಾಜಕ್ಕಾಗಿ ಖರ್ಚು ಮಾಡುವ ಸಾಮಾಜಿಕ ಹೊಣೆಗಾರಿಕೆ) ವಿಭಾಗಗಳಿಂದ ನಮ್ಮಂಥ ಸಲಹೆಗಾರರಿಗೆ ಬರುವ ಕರೆಗಳ ಧಾಟಿ ಬಹುತೇಕ ಒಂದೇ: ಹಣ ಉಳಿದಿದೆ, ಮಾರ್ಚ್ 31ರೊಳಗೆ ಖರ್ಚಾಗಬೇಕು, ಮಹಿಳೆಯರಿಗಾಗಿ ಏನಾದರೂ ಮಾಡೋಣ. ಆ ‘ಏನಾದರೂ’ ಹೆಚ್ಚಿನ ಸಲ ಹೊಲಿಗೆ ಯಂತ್ರವೋ, ಸ್ಯಾನಿಟರಿ ಪ್ಯಾಡಿನ ಪೊಟ್ಟಣವೋ, ಶಾಲಾ ಚೀಲವೋ ಆಗಿ, ಒಂದು ಸಮಾರಂಭದಲ್ಲಿ ಮುಗಿಯುತ್ತದೆ. ತೋರಣಗಲ್ಲಿನ ಉಕ್ಕು, ಸಂಡೂರಿನ ಗಣಿಗಳು, ಹಟ್ಟಿಯ ಚಿನ್ನ, ಶಕ್ತಿನಗರದ ವಿದ್ಯುತ್, ಗಿಣಿಗೇರಾ ಸುತ್ತಲಿನ ಕಾರ್ಖಾನೆಗಳು ಇಷ್ಟೆಲ್ಲ ಇರುವ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಹೆಣ್ಣುಮಕ್ಕಳ ಓದು ನಡುವೆಯೇ ನಿಲ್ಲುತ್ತಿರುವುದಕ್ಕೆ ಹಣದ ಕೊರತೆಗಿಂತ ಹಣ ಖರ್ಚಾಗುವ ರೀತಿಯೇ ಹೆಚ್ಚು ಕಾರಣ ಎಂಬುದು ನನ್ನ ಅಭಿಪ್ರಾಯ.

ಹೊಲಿಗೆ ಯಂತ್ರದ ವಿಷಯವನ್ನೇ ನೋಡೋಣ. ಬಳ್ಳಾರಿ ನಗರದಲ್ಲಿ ಜೀನ್ಸ್ ಉದ್ಯಮವಿದೆ, ಅದನ್ನು ನಂಬಿ ಮನೆಯಲ್ಲೇ ಪೀಸ್ ಲೆಕ್ಕದಲ್ಲಿ ದುಡಿಯುವ ಹೆಂಗಸರಿದ್ದಾರೆ. ಆದ್ದರಿಂದ ಯಂತ್ರ ಕೊಟ್ಟರೆ ಅವರ ಸಂಪಾದನೆ ಹೆಚ್ಚುತ್ತದೆ ಎಂಬ ಲೆಕ್ಕಾಚಾರ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ಸಮಾರಂಭಗಳಲ್ಲಿ ಹಂಚುವುದು ಕಾಲಿನಿಂದ ತುಳಿಯುವ ಮನೆಬಳಕೆಯ ಯಂತ್ರ. ಜೀನ್ಸ್ ಪ್ಯಾಂಟಿನ ಸೊಂಟಪಟ್ಟಿಯ ಹತ್ತಿರ ಬಟ್ಟೆ ನಾಲ್ಕೈದು ಪದರವಾಗುವ ಜಾಗಕ್ಕೆ ಬಂದಾಗ ಅದರ ಸೂಜಿ ಮುರಿಯುತ್ತದೆ, ಇಲ್ಲವೇ ಹೊಲಿಗೆ ತಪ್ಪುತ್ತದೆ. ಆ ಕೆಲಸಕ್ಕೆ ಬೇಕಾದದ್ದು ಕಾರ್ಖಾನೆಗಳಲ್ಲಿ ಬಳಸುವ ಮೋಟಾರಿನ ಜುಕಿ ಯಂತ್ರ, ಅಂಚಿಗೆ ಓವರ್‌ಲಾಕ್ ಯಂತ್ರ, ಅವೆರಡನ್ನೂ ತಡೆದುಕೊಳ್ಳುವ ವಿದ್ಯುತ್ ಸಂಪರ್ಕ, ಎಲ್ಲಕ್ಕಿಂತ ಮುಖ್ಯವಾಗಿ ಪೀಸಿನ ದರವನ್ನು ಚೌಕಾಶಿ ಮಾಡಬಲ್ಲ ಒಂದು ಗುಂಪು. ಹತ್ತು ಮನೆಗೆ ಹತ್ತು ಯಂತ್ರ ಕೊಡುವ ಬದಲು ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು, ಐದು ಒಳ್ಳೆಯ ಯಂತ್ರಗಳನ್ನಿಟ್ಟು, ಎರಡು ವರ್ಷ ಬಾಡಿಗೆ ಮತ್ತು ಕರೆಂಟ್ ಬಿಲ್ ಕಟ್ಟಿದರೆ ಫಲ ಬೇರೆಯೇ ಇರುತ್ತದೆ. ಫೋಟೊ ಮಾತ್ರ ಅಷ್ಟು ಚೆನ್ನಾಗಿ ಬರುವುದಿಲ್ಲ.

ಹುಡುಗಿಯರ ವಿಷಯದಲ್ಲಿ ಇಕ್ಕಟ್ಟು ಎದುರಾಗುವುದು ಹತ್ತನೇ ತರಗತಿಯ ನಂತರ. ಹಳ್ಳಿಯಲ್ಲಿ ಪ್ರೌಢಶಾಲೆ ಇದ್ದರೂ ಪಿಯು ಕಾಲೇಜು ಹೋಬಳಿಯಲ್ಲೋ ತಾಲ್ಲೂಕು ಕೇಂದ್ರದಲ್ಲೋ ಇರುತ್ತದೆ. ಶಕ್ತಿ ಯೋಜನೆಯಿಂದ 2023ರ ಜೂನ್‌ನಿಂದೀಚೆಗೆ ಟಿಕೆಟಿನ ಖರ್ಚು ಉಳಿದಿದೆ ನಿಜ. ಆದರೆ ಕಾಲೇಜು ಬಿಡುವ ಹೊತ್ತಿಗೆ ಊರಿನ ಕಡೆ ಬಸ್ಸೇ ಇಲ್ಲದಿದ್ದರೆ ಪುಕ್ಕಟೆ ಟಿಕೆಟಿನಿಂದ ಏನೂ ಆಗುವುದಿಲ್ಲ. ಇದರ ಮೇಲೆ ಗುಳೆ. ದೇವದುರ್ಗ, ಲಿಂಗಸುಗೂರು, ಕುಷ್ಟಗಿ ಭಾಗಗಳಲ್ಲಿ ಸುಗ್ಗಿ ಮುಗಿದ ಮೇಲೆ ತಂದೆತಾಯಿ ಬೆಂಗಳೂರಿನ ಕಡೆಗೆ ದುಡಿಯಲು ಹೊರಟರೆ, ವಯಸ್ಸಿಗೆ ಬಂದ ಮಗಳನ್ನು ಅಜ್ಜಿಯ ಬಳಿ ಬಿಡಲು ಹೆದರಿ ಜೊತೆಗೇ ಕರೆದೊಯ್ಯುತ್ತಾರೆ, ಇಲ್ಲವೇ ಅಷ್ಟರೊಳಗೆ ಲಗ್ನದ ಮಾತು ಮುಗಿಸುತ್ತಾರೆ. ಹಾಸ್ಟೆಲಿನ ಮಾತೆತ್ತಿದಾಗ ತಾಯಂದಿರು ಊಟ, ಹಾಸಿಗೆ, ಶುಲ್ಕದ ಬಗ್ಗೆ ಆಮೇಲೆ ಕೇಳುತ್ತಾರೆ, ಅವರ ಮೊದಲ ಪ್ರಶ್ನೆ, “ರಾತ್ರಿ ಅಲ್ಲಿ ಯಾರಿರ್ತಾರ್ರಿ?” ಎಂಬುದು.

ಆ ಪ್ರಶ್ನೆಗೆ ಉತ್ತರ ಒಬ್ಬ ಪೂರ್ಣಾವಧಿಯ ವಾರ್ಡನ್, ಒಬ್ಬ ಅಡುಗೆಯವರು, ಒಬ್ಬ ಕಾವಲುಗಾರ. ಈ ಮೂವರ ಸಂಬಳಕ್ಕೆ ದುಡ್ಡು ಕೊಡುವವರು ಸಿಗುವುದೇ ಕಷ್ಟ. ಕಟ್ಟಡಕ್ಕೆ ಅಷ್ಟು ಕಷ್ಟವಿಲ್ಲ. ಗಣಿ ಬಾಧಿತ ಪ್ರದೇಶಗಳಿಗೆ ಗಣಿ ಕಾಯ್ದೆಯ 2015ರ ತಿದ್ದುಪಡಿಯ ನಂತರ, ಗಣಿ ನಡೆಸುವವರು ಕಟ್ಟುವ ಹಣದಿಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಬಂದಿದೆ, ಮಹಿಳೆಯರ ಮತ್ತು ಮಕ್ಕಳ ಕಲ್ಯಾಣ ಅದರ ಆದ್ಯತೆಯ ವಲಯಗಳಲ್ಲಿ ಒಂದು. ಕಟ್ಟಡದ ವೆಚ್ಚವನ್ನು ಅಲ್ಲಿಂದ ಕೇಳಬಹುದು. ನಡೆಸುವ ಖರ್ಚನ್ನು ಕಂಪನಿ ಹೊತ್ತರೆ ಎರಡೂ ಹಣ ಒಂದಕ್ಕೊಂದು ಪೂರಕವಾಗುತ್ತವೆ.

ಇಲ್ಲಿ ಲೆಕ್ಕಪತ್ರ ವಿಭಾಗದವರು ಎತ್ತುವ ಆಕ್ಷೇಪಣೆಯೊಂದಿದೆ: ಸಂಬಳವೆಂದರೆ ಆಡಳಿತ ವೆಚ್ಚ, ಅದಕ್ಕೆ ಒಟ್ಟು ಸಿಎಸ್‌ಆರ್ ಖರ್ಚಿನ ಶೇ 5ರ ಮಿತಿಯಿದೆ ಎನ್ನುತ್ತಾರೆ. ಮಿತಿ ಇರುವುದು ನಿಜ, ಆದರೆ ಅದು ಅನ್ವಯಿಸುವುದು ಕಂಪನಿಯ ಸಿಎಸ್‌ಆರ್ ವಿಭಾಗದ ಸಾಮಾನ್ಯ ಆಡಳಿತಕ್ಕೆ. ನಿರ್ದಿಷ್ಟ ಯೋಜನೆಯೊಂದರ ಅನುಷ್ಠಾನಕ್ಕೆ ನೇರವಾಗಿ ಆಗುವ ಖರ್ಚನ್ನು ನಿಯಮಗಳೇ ಅದರಿಂದ ಹೊರಗಿಟ್ಟಿವೆ. ಹಾಸ್ಟೆಲಿನ ವಾರ್ಡನ್ ಸಂಬಳ ಯೋಜನೆಯ ಖರ್ಚೇ. ಎರಡನೆಯ ಆಕ್ಷೇಪಣೆ ಮಾರ್ಚ್‌ನದು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಪ್ರತಿ ವರ್ಷ ಖರ್ಚು ಮಾಡಬೇಕಾದರೂ, ಆರಂಭವಾದ ವರ್ಷವನ್ನು ಬಿಟ್ಟು ಮೂರು ವರ್ಷಗಳವರೆಗಿನ ‘ಮುಂದುವರಿಯುವ ಯೋಜನೆ’ಗೆ ಅವಕಾಶವಿದೆ. ಖರ್ಚಾಗದ ಹಣವನ್ನು ಆರ್ಥಿಕ ವರ್ಷ ಮುಗಿದ 30 ದಿನಗಳೊಳಗೆ ಪ್ರತ್ಯೇಕ ಖಾತೆಗೆ ವರ್ಗಾಯಿಸಿದರೆ ಸಾಕು. ಪಿಯುಸಿಯ ಎರಡು ವರ್ಷ ಈ ಅವಧಿಯೊಳಗೆ ಸಲೀಸಾಗಿ ಬರುತ್ತದೆ.

ಕಂಪನಿ ಕಾಯ್ದೆಯ ಈ ಕಟ್ಟುಪಾಡಿಲ್ಲದ ದತ್ತಿ ಪ್ರತಿಷ್ಠಾನಗಳು ಇನ್ನೂ ದೀರ್ಘವಾಗಿ ಯೋಚಿಸಬಹುದು. ಸರ್ಕಾರಿ ಶಾಲೆ, ಕಾಲೇಜುಗಳಲ್ಲಿ 10 ಮತ್ತು 12ನೇ ತರಗತಿ ಓದಿ ಪದವಿಗೋ ಡಿಪ್ಲೊಮಾಗೋ ಸೇರಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಷನ್ ವರ್ಷಕ್ಕೆ 30,000 ರೂಪಾಯಿಯಂತೆ, ಕೋರ್ಸ್ ಮುಗಿಯುವವರೆಗೂ ನೇರ ಅವರ ಖಾತೆಗೆ ಕೊಡುತ್ತಿರುವುದು ಈ ದೃಷ್ಟಿಯಿಂದ ಒಳ್ಳೆಯ ಮಾದರಿ. ಸಣ್ಣ ವಿದ್ಯಾರ್ಥಿವೇತನಗಳನ್ನು ನಡೆಸುವವರು ತಮ್ಮ ಅರ್ಜಿ ನಮೂನೆಯನ್ನೂ ಒಮ್ಮೆ ಓದಿಕೊಳ್ಳಬೇಕು. ದೇವದಾಸಿ ಪದ್ಧತಿಯನ್ನು 1982ರಲ್ಲೇ ಕಾನೂನು ನಿಷೇಧಿಸಿದ್ದರೂ ಆ ತಾಯಂದಿರ ಮಕ್ಕಳು ಈ ಮೂರೂ ಜಿಲ್ಲೆಗಳಲ್ಲಿ ಓದುತ್ತಿದ್ದಾರೆ. ತಂದೆಯ ಹೆಸರು ಮತ್ತು ಸಹಿ ಕಡ್ಡಾಯ ಎಂದು ಬರೆದ ನಮೂನೆ ಅವರನ್ನು ಮೊದಲ ಪುಟದಲ್ಲೇ ಹೊರಗೆ ಹಾಕುತ್ತದೆ. ‘ತಾಯಿ ಅಥವಾ ಪೋಷಕರು’ ಎಂದು ತಿದ್ದಲು ಖರ್ಚೇನೂ ಇಲ್ಲ.

ಇನ್ನು ಕಂಪನಿಯ ಗೇಟಿನ ಒಳಗಿನ ಮಾತು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರುಗಳಿಗೆ ಆಂತರಿಕ ಸಮಿತಿ, ಐವತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಕಾನೂನಿನ ಬಾಧ್ಯತೆಗಳು; ಇವನ್ನು ಸಿಎಸ್‌ಆರ್ ವರದಿಯಲ್ಲಿ ಸಾಧನೆಯಂತೆ ತೋರಿಸುವುದು ತಪ್ಪು. ಗುತ್ತಿಗೆದಾರರ ಮೂಲಕ ಕಸ ಗುಡಿಸಲು, ಕ್ಯಾಂಟೀನಿಗೆ ಬರುವ ಹೆಂಗಸರೂ ಆ ಸಮಿತಿಗೆ ದೂರು ಕೊಡಬಹುದು. ಸಮಿತಿಯ ಸದಸ್ಯರ ಹೆಸರುಗಳನ್ನು ಕನ್ನಡದಲ್ಲಿ, ಈ ಹೆಂಗಸರು ಹಾಜರಿ ಹಾಕುವ ಜಾಗದಲ್ಲೇ ಹಚ್ಚಿಸಬೇಕು.

ಒಪ್ಪಂದ ಬರೆಯುವಾಗ ನಾನು ಪಟ್ಟು ಹಿಡಿಯುವ ಅಂಶಗಳು ಎರಡು. ಎಷ್ಟು ಕಿಟ್ ಹಂಚಲಾಯಿತು ಎಂಬುದರ ಬದಲು, ಹಾಸ್ಟೆಲಿಗೆ ಸೇರಿದ ಹುಡುಗಿಯರಲ್ಲಿ ಎಷ್ಟು ಮಂದಿ ದ್ವಿತೀಯ ಪಿಯುಸಿ ಪರೀಕ್ಷೆಗೆ ಕುಳಿತರು ಎಂಬುದನ್ನು ಕಾಲೇಜಿನ ದಾಖಲೆಯಿಂದಲೇ ಪಡೆಯಬೇಕು. ಕಂಪನಿಯ ನಿರ್ದೇಶಕ ಮಂಡಳಿಯ ಒಪ್ಪಿಗೆ ಏಪ್ರಿಲ್‌ನಲ್ಲೇ ಸಿಗಬೇಕು, ಏಕೆಂದರೆ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಬೆನ್ನಿಗೇ ಪಿಯು ದಾಖಲಾತಿ ಶುರುವಾಗುತ್ತದೆ, ಅಷ್ಟರೊಳಗೆ ವಾರ್ಡನ್ ನೇಮಕ ಆಗಿರದಿದ್ದರೆ ಆ ವರ್ಷದ ಹುಡುಗಿಯರಿಗೆ ಹಾಸ್ಟೆಲ್ ಇದ್ದೂ ಇಲ್ಲದಂತೆ.