ನಂದಿ ಬೆಟ್ಟದ ಏರಿನಲ್ಲಿ ಗೇರ್‌ಬಾಕ್ಸ್

ಭಾನುವಾರದ ನಸುಕಿನಲ್ಲಿ ಸೂರ್ಯೋದಯ ನೋಡಲು ನಂದಿ ಬೆಟ್ಟ ಹತ್ತುವ ಕಾರುಗಳ ಸಾಲು ಯಾವುದಾದರೂ ತಿರುವಿನಲ್ಲಿ ನಿಂತುಬಿಟ್ಟರೆ, ಕಿಟಕಿಯಿಂದ ಮಂಜಿನ ಜೊತೆಗೆ ಸುಟ್ಟ ಕಾಗದದಂಥ ಘಾಟು ಒಳಗೆ ಬರುವುದುಂಟು. ಚಿಕ್ಕಬಳ್ಳಾಪುರದವರಾದ ನಮಗೆ ಇದು ಪರಿಚಿತ ವಾಸನೆ. ಕೆಲವು ವರ್ಷಗಳ ಹಿಂದೆ ಅದು ನನ್ನ ಕಾರಿನಿಂದಲೇ ಬಂದಿತ್ತು. ಮರುದಿನ ಗೇರ್‌ಬಾಕ್ಸ್ ಇಳಿಸಿದ ಮೆಕ್ಯಾನಿಕ್, ಎಂಜಿನ್ನನ್ನು ಗೇರ್‌ಬಾಕ್ಸಿಗೆ ಕೂಡಿಸುವ, ಬಿಡಿಸುವ ತಟ್ಟೆಯಾದ ಕ್ಲಚ್ ಪ್ಲೇಟನ್ನು ಹಳೆಯ ಪತ್ರಿಕೆಯ ಮೇಲಿಟ್ಟು ತೋರಿಸಿದರು. ಅದರ ಮೈಮೇಲಿನ ಉಜ್ಜಿ ಹಿಡಿಯುವ ಪದರ, ಅಂದರೆ ಲೈನಿಂಗ್, ರಿವೆಟ್‌ಗಳ ತಲೆಯ ಮಟ್ಟಕ್ಕೆ ಸವೆದಿತ್ತು. ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಮೇಲೆ ನವಿಲಿನ ಕತ್ತಿನಂಥ ನೀಲಿ ಕಲೆಗಳು ಮೂಡಿದ್ದವು. ಕಬ್ಬಿಣ ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾವು ಕಂಡರೆ ಮೈಮೇಲೆ ಹತ್ತುವ ಬಣ್ಣ ಅದು. "ಏರಲ್ಲಿ ಹ್ಯಾಂಡ್ ಬ್ರೇಕ್ ಹಾಕ್ದೆ ಹಾಫ್ ಕ್ಲಚ್ಚಲ್ಲೇ ನಿಲ್ಸಿದ್ರಾ ಸಾರ್?" ಎಂದು ಅವರು ಕೇಳಿದರು. ಹಾಗೆಯೇ, ಕ್ಲಚ್ ಪೆಡಲನ್ನು ಅರ್ಧ ಮಾತ್ರ ಬಿಟ್ಟು ಗಾಡಿ ಹಿಡಿದುಕೊಂಡಿದ್ದೆ.

ಪೆಟ್ರೋಲ್ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತಿಗಿಂತ ಬಹಳ ಕೆಳಗಿಳಿದರೆ ಆಫ್ ಆಗಿಬಿಡುತ್ತದೆ. ಆದರೆ ನಿಂತ ಕಾರಿನ ಚಕ್ರದ ವೇಗ ಸೊನ್ನೆ. ತಿರುಗುತ್ತಲೇ ಇರಬೇಕಾದ ಒಂದನ್ನು ನಿಂತೇ ಇರುವ ಇನ್ನೊಂದಕ್ಕೆ ಜೋಡಿಸಬೇಕಾದರೆ, ನಡುವೆ ಎಲ್ಲೋ ಒಂದು ಕಡೆ ಏನಾದರೂ ಜಾರಲೇಬೇಕು. ಮ್ಯಾನುಯಲ್ ಆಗಲಿ, ಆಟೋಮ್ಯಾಟಿಕ್ ಆಗಲಿ, ಈ ಜಾರುವಿಕೆಯಿಂದ ಯಾವ ಗೇರ್‌ಬಾಕ್ಸಿಗೂ ಬಿಡುಗಡೆಯಿಲ್ಲ. ಅದು ಎಲ್ಲಿ ಜಾರುತ್ತದೆ, ಆಗ ಹುಟ್ಟುವ ಶಾಖ ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿದರೆ, ಆ ಗೇರ್‌ಬಾಕ್ಸಿನ ಮುಖ್ಯ ಕಾಯಿಲೆಗಳನ್ನು ಅರ್ಧಕ್ಕರ್ಧ ತಿಳಿದಂತೆಯೇ ಸರಿ.

ಆ ಶಾಖ ಎಷ್ಟೆಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಜನ ತುಂಬಿದ 1,200 ಕೆಜಿ ತೂಕದ ಕಾರು, ಹತ್ತು ಮೀಟರಿಗೆ ಒಂದು ಮೀಟರ್ ಏರುವ ರಸ್ತೆಯಲ್ಲಿ ಹಿಂದಕ್ಕೆ ಜಾರದಂತೆ ಹಾಫ್ ಕ್ಲಚ್‌ನಲ್ಲಿ ನಿಂತಿದೆ ಎನ್ನಿ. ಮೊದಲ ಗೇರಿನಲ್ಲಿ ಎಂಜಿನ್ ಸುಮಾರು 14 ಸುತ್ತು ತಿರುಗಿದರೆ ಚಕ್ರಕ್ಕೆ ಒಂದು ಸುತ್ತು. ಎಂಜಿನ್ ನಿಮಿಷಕ್ಕೆ 1,200 ಸುತ್ತು ತಿರುಗುತ್ತಿದ್ದರೆ ಕ್ಲಚ್ ಪ್ಲೇಟಿನಲ್ಲಿ ಹುಟ್ಟುವ ಶಾಖ ಸುಮಾರು 3 ಕಿಲೋವ್ಯಾಟ್, ಅಂದರೆ ಬಚ್ಚಲುಮನೆಯ ಇನ್‌ಸ್ಟಂಟ್ ಗೀಸರಿನಷ್ಟು. ಗೇಣಗಲದ ಒಂದು ತಟ್ಟೆ, ಗಾಳಿಯಾಡದ ಮುಚ್ಚಿದ ಡಬ್ಬಿಯಲ್ಲಿ, ನೀರಿನ ಆಸರೆಯೂ ಇಲ್ಲದೆ ಆ ಗೀಸರನ್ನು ಹೊತ್ತು ನಿಂತಿರುತ್ತದೆ. ಹೊರಡುವಾಗ ಎರಡು ಸೆಕೆಂಡು ಹೀಗಾದರೆ ಏನೂ ತೊಂದರೆಯಿಲ್ಲ. ಸಾಲು ಕದಲುವವರೆಗೆ ಐದು ನಿಮಿಷ ಹೀಗೆಯೇ ನಿಂತರೆ ಪ್ಲೇಟಿನ ಆಯುಷ್ಯದಲ್ಲಿ ದೊಡ್ಡ ಪಾಲು ಅಲ್ಲಿಯೇ ಕರಗಿಹೋಗುತ್ತದೆ.

ಮ್ಯಾನುಯಲ್ ಗೇರ್‌ಬಾಕ್ಸಿನ ಒಂದು ದೊಡ್ಡ ಗುಣವೆಂದರೆ ಅದು ತನ್ನ ಕಾಯಿಲೆಯನ್ನು ಕಿವಿಗೆ ಕೇಳುವಂತೆ ಹೇಳುತ್ತದೆ. ಗಾಡಿ ನಿಂತಿದ್ದಾಗ, ನ್ಯೂಟ್ರಲ್‌ನಲ್ಲಿ ಗುಂಯ್ ಎನ್ನುವ ಸದ್ದು ಬರುತ್ತಿದ್ದು, ಕ್ಲಚ್ ಒತ್ತಿದೊಡನೆ ನಿಂತರೆ, ಗೇರ್‌ಬಾಕ್ಸಿನೊಳಗಿನ ಬೇರಿಂಗ್ ಸವೆದಿರುವ ಸಂಭವ ಹೆಚ್ಚು. ಇದಕ್ಕೆ ವ್ಯತಿರಿಕ್ತವಾಗಿ, ಕ್ಲಚ್ ಒತ್ತಿದಾಗಲೇ ಸದ್ದು ಶುರುವಾದರೆ ಅನುಮಾನ ಪೆಡಲ್ ಒತ್ತಿದಾಗ ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗಿನ ಮೇಲೆ. ಎಲ್ಲ ಗೇರುಗಳೂ ಕರಕರ ಎನ್ನುತ್ತಾ ಬಿಗಿಯಾಗಿ ಬೀಳುತ್ತಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲವೆಂದು ಅರ್ಥ; ಕೇಬಲ್ ಸಡಿಲವಾಗಿರಬಹುದು ಅಥವಾ ಹೈಡ್ರಾಲಿಕ್ ಪೈಪಿನಲ್ಲಿ ಗಾಳಿ ಸೇರಿರಬಹುದು. ಎರಡನೆಯದೋ ಮೂರನೆಯದೋ ಒಂದೇ ಗೇರು ಹಾಗೆ ಸದ್ದು ಮಾಡಿದರೆ ಸವೆದಿರುವುದು ಆ ಗೇರಿನ ಸಿಂಕ್ರೊನೈಸರ್ ರಿಂಗ್. ಹಲ್ಲುಗಳು ಕೂಡುವ ಮೊದಲು ಗೇರು ಮತ್ತು ಅದನ್ನು ಹೊತ್ತ ಶಾಫ್ಟ್ ಎರಡರ ವೇಗವನ್ನೂ ಉಜ್ಜಿ ಸಮ ಮಾಡುವ ಈ ಪುಟ್ಟ ವ್ಯವಸ್ಥೆಯನ್ನು ಕ್ಯಾಡಿಲಾಕ್ ಕಂಪನಿ 1928ರಲ್ಲಿ ಕಾರಿಗೆ ತಂದಿತು. ನನ್ನ ದೃಷ್ಟಿಯಲ್ಲಿ, ಸಾಮಾನ್ಯ ಜನರೂ ಕಾರು ಓಡಿಸುವಂತೆ ಮಾಡಿದ ದೊಡ್ಡ ಉಪಕಾರಗಳಲ್ಲಿ ಅದೂ ಒಂದು.

ಕ್ಲಚ್ ಜಾರುತ್ತಿದೆಯೇ ಎಂದು ತಿಳಿಯಲು, ಖಾಲಿ ರಸ್ತೆಯಲ್ಲಿ ಮೇಲಿನ ಗೇರಿನಲ್ಲಿ ಹೋಗುತ್ತಾ ಆಕ್ಸಿಲರೇಟರನ್ನು ಗಟ್ಟಿಯಾಗಿ ಒತ್ತಬೇಕು. ಎಂಜಿನ್ನಿನ ಸುತ್ತು ಏರಿಯೂ ಗಾಡಿಯ ವೇಗ ಏರದಿದ್ದರೆ ಪ್ಲೇಟಿನ ಕಾಲ ಮುಗಿಯುತ್ತಾ ಬಂದಿದೆ. ಹಳೆಯ ಕಾರು ಕೊಳ್ಳುವವರು ಈ ಪರೀಕ್ಷೆಯನ್ನು ತಪ್ಪಿಸಬಾರದು.

ನಮ್ಮಲ್ಲಿ 2014ರಲ್ಲಿ ಮಾರುತಿ ಸುಜುಕಿ ಸೆಲೆರಿಯೊ ಕಾರಿನೊಂದಿಗೆ ಜನಪ್ರಿಯವಾದ ಎಎಂಟಿಯ (ಆಟೋಮೇಟೆಡ್ ಮ್ಯಾನುಯಲ್ ಟ್ರಾನ್ಸ್‌ಮಿಷನ್) ವಿಷಯದಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ಅದು ಬೇರೆ ಜಾತಿಯ ಗೇರ್‌ಬಾಕ್ಸ್ ಅಲ್ಲ. ಮ್ಯಾನುಯಲ್ ಗೇರ್‌ಬಾಕ್ಸ್, ಅದೇ ಕ್ಲಚ್ ಪ್ಲೇಟ್. ನಮ್ಮ ಎಡಗಾಲು ಮತ್ತು ಎಡಗೈ ಮಾಡುತ್ತಿದ್ದ ಕೆಲಸವನ್ನು ಆಕ್ಚುಯೇಟರ್ ಎಂಬ ಯಂತ್ರ ಮಾಡುತ್ತದೆ, ಅಷ್ಟೇ. ಆಟೋಮ್ಯಾಟಿಕ್ ತಾನೇ ಎಂದುಕೊಂಡು ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರನ್ನೇ ಮೆಲ್ಲಗೆ ಒತ್ತಿ ಗಾಡಿ ನಿಲ್ಲಿಸಿಕೊಂಡರೆ, ಮೇಲೆ ಲೆಕ್ಕ ಹಾಕಿದ ಗೀಸರ್ ಇಲ್ಲೂ ಉರಿಯುತ್ತದೆ. ಕ್ಲಚ್ ಪೆಡಲ್ ಇಲ್ಲದ ಕಾರಣ ಅದು ಕಾಲಿಗೆ ಗೊತ್ತಾಗುವುದೂ ಇಲ್ಲ. ಎಣ್ಣೆಯಲ್ಲಿ ಮುಳುಗದ ಎರಡು ಒಣ ಕ್ಲಚ್ ಇರುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿಗೂ ಇದೇ ಮಾತು ಸಲ್ಲುತ್ತದೆ. ಗೇರ್ ಬದಲಾಯಿಸುವ ಚುರುಕಿನಲ್ಲಿ ಅದಕ್ಕೆ ಸಾಟಿ ಕಡಿಮೆ, ಆದರೆ ತೆವಳುವ ಸಾಲಿನಲ್ಲಿ ಅದು ಬೇಗ ಕಾಯುತ್ತದೆ, ಆಗ ಹೊರಡುವಾಗ ಗಾಡಿ ನಡುಗುತ್ತದೆ.

ಟಾರ್ಕ್ ಕನ್ವರ್ಟರ್ ಇರುವ ಹಳೆಯ ಬಗೆಯ ಆಟೋಮ್ಯಾಟಿಕ್‌ನಲ್ಲಿ ಗಾಡಿ ಹೊರಡುವಾಗ ಜಾರುವುದು ತಟ್ಟೆಯಲ್ಲ, ಎಣ್ಣೆ. ಎದುರುಬದುರಾಗಿಟ್ಟ ಎರಡು ಟೇಬಲ್ ಫ್ಯಾನುಗಳಲ್ಲಿ ಒಂದನ್ನು ಹಾಕಿದರೆ ಅದರ ಗಾಳಿಗೆ ಇನ್ನೊಂದು ತಿರುಗುವ ಹಾಗೆ, ಎಂಜಿನ್ ತಿರುಗಿಸುವ ರೆಕ್ಕೆಗಳು ಎಣ್ಣೆಯನ್ನು ಚಿಮ್ಮಿ ಎದುರಿನ ರೆಕ್ಕೆಗಳನ್ನು ತಳ್ಳುತ್ತವೆ. ಇದರ ಮೂಲ ಕಲ್ಪನೆ ಹಡಗಿಗಾಗಿ ಹುಟ್ಟಿದ್ದು; ಜರ್ಮನಿಯ ಹರ್ಮನ್ ಫೊಟಿಂಗರ್ 1905ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಇಲ್ಲಿ ಶಾಖವೆಲ್ಲ ಎಣ್ಣೆಗೆ ಸೇರಿ ಕೂಲರ್ ಮೂಲಕ ಹೊರಹೋಗುವುದರಿಂದ ಬೆಟ್ಟದ ಸಾಲಿಗೆ ಇದೇ ಹೆಚ್ಚು ತಾಳಿಕೆಯದು. ಎಣ್ಣೆ ಕಪ್ಪಾಗಿ ಕಮಟು ವಾಸನೆ ಬಂದರೆ, ಗೇರನ್ನು ಡಿಗೆ (ಡ್ರೈವ್) ತಂದ ಮೇಲೆ ಗಾಡಿ ತುಸು ಯೋಚಿಸಿ ಧಡಕ್ಕನೆ ಹಿಡಿದರೆ, ಇನ್ನು ತಡ ಮಾಡಬಾರದು. ಸಿವಿಟಿ (ಕಂಟಿನ್ಯುಯಸ್ಲಿ ವೇರಿಯಬಲ್ ಟ್ರಾನ್ಸ್‌ಮಿಷನ್) ಎಂಬ ಇನ್ನೊಂದು ಬಗೆಯ ಆಟೋಮ್ಯಾಟಿಕ್‌ನಲ್ಲಿ ಗೇರುಗಳ ಮೆಟ್ಟಿಲೇ ಇಲ್ಲ. ಅಗಲ ಬದಲಾಗುವ ಎರಡು ರಾಟೆಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತದೆ. ಆ ಬೆಲ್ಟಿಗೆ ಹಿಡಿತ ಕೊಡುವುದು ಅದಕ್ಕೆಂದೇ ಮಾಡಿದ ಎಣ್ಣೆ. ಗ್ಯಾರೇಜಿನಲ್ಲಿ ಸಿಕ್ಕಿದ ಬೇರೆ ಎಣ್ಣೆ ತುಂಬಿಸಿದರೆ ಬೆಲ್ಟ್ ಜಾರಿ ರಾಟೆಯ ಮೈಯನ್ನೇ ಕೆರೆದುಬಿಡುತ್ತದೆ.

1,478 ಮೀಟರ್ ಎತ್ತರದ ನೆತ್ತಿಯಿಂದ ಇಳಿಯುವಾಗ ಬರುವ ಸುಟ್ಟ ವಾಸನೆ ಸಾಮಾನ್ಯವಾಗಿ ಬ್ರೇಕಿನದು. ಅದಕ್ಕೂ ಮದ್ದು ಗೇರ್‌ಬಾಕ್ಸಿನಲ್ಲೇ ಇದೆ. ಹತ್ತುವಾಗ ಬೇಕಾದ ಎರಡನೆಯ ಗೇರೇ ಇಳಿಯಲೂ ಬೇಕು. ಎಎಂಟಿಯಲ್ಲಿ ಮ್ಯಾನುಯಲ್ ಮೋಡಿಗೆ ತಂದುಕೊಳ್ಳಬೇಕು, ಸಿವಿಟಿಯಲ್ಲಿ ಎಲ್ (ಲೋ) ಅಥವಾ ಎಸ್ (ಸ್ಪೋರ್ಟ್) ಇಟ್ಟುಕೊಳ್ಳಬೇಕು. ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಮೊರೆಯುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಆಗ ಕ್ಲಚ್ ಪೂರ್ತಿ ಕೂಡಿಕೊಂಡಿರುತ್ತದೆ, ಏನೂ ಜಾರುತ್ತಿರುವುದಿಲ್ಲ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಾ ಗಾಡಿಯ ಓಟವನ್ನು ತಡೆಹಿಡಿಯುತ್ತಿರುತ್ತವೆ.